ಡೆಸ್ಕ್‌ಟಾಪ್ ಜೋಡಿಸುವ ಮೊದಲು ಗೋಡೆಯ ಪ್ಲಗ್ ನೋಡಿ

ಅಕ್ಕನ ಮಗ ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಕಳಿಸಿದ. ಮೊದಲ ಸಲ ತಾನೇ ಬಿಡಿಭಾಗ ಆರಿಸಿ ಡೆಸ್ಕ್‌ಟಾಪ್ ಜೋಡಿಸಬೇಕು ಅನ್ನುವ ಹುಮ್ಮಸ್ಸು ಅವನಿಗೆ. ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಗಾಜಿನ ಕ್ಯಾಬಿನೆಟ್, ಬಣ್ಣ ಬದಲಿಸುವ ಆರು ಫ್ಯಾನ್. ಎಲ್ಲವನ್ನೂ ತುಂಬಾ ಓದಿ, ವಿಡಿಯೋ ನೋಡಿ ಆರಿಸಿದ್ದಾನೆ. ಪಟ್ಟಿಯ ಕೊನೆಯ ಸಾಲು ಹೀಗಿತ್ತು: ಎಸ್‌ಎಂಪಿಎಸ್, ಕ್ಯಾಬಿನೆಟ್ ಜೊತೆಗೇ ಬರುತ್ತದೆ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕ ಹಾಗೆ ಇಳಿಸಿ ಕೊಡುವ ಡಬ್ಬಿ. ಕರೆಂಟ್ ಹೋದಾಗ ಸ್ವಲ್ಪ ಹೊತ್ತು ಬ್ಯಾಟರಿಯಲ್ಲಿ ನಡೆಸುವ ಯುಪಿಎಸ್ ಅಂತೂ ಪಟ್ಟಿಯಲ್ಲೇ ಇರಲಿಲ್ಲ.

ನಾನು ವಾಪಸ್ ಕೇಳಿದ್ದು ಒಂದೇ ಪ್ರಶ್ನೆ. ನಿಮ್ಮ ಮನೆಗೆ ಅರ್ಥಿಂಗ್ ಸರಿ ಇದೆಯಾ?

ಯಾಕೆ ಕೇಳಿದೆ ಅಂತ ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಊರ ಕಡೆ ಇದ್ದು ಕಂಪ್ಯೂಟರ್ ಜೋಡಿಸಲು ಹೊರಟವರಿಗೆ ಇದು ಬೇಕಾಗುತ್ತದೆ.

ನಮ್ಮದು ಹೊನ್ನಾವರದ ಹತ್ತಿರದ ಹಳ್ಳಿ. ಮನೆಯಲ್ಲಿ ಮೊದಲು ಇದ್ದದ್ದು ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿ ತಂದ ಕಂಪ್ಯೂಟರ್. ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ ಅದಕ್ಕಿತ್ತು. ಯಾವ ಕಂಪನಿಯದ್ದು ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. 2017ರ ಮೇ ತಿಂಗಳು, ಮಳೆ ಹಿಡಿಯುವ ಮುಂಚಿನ ಗುಡುಗಿನ ಸಂಜೆ. ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು, ಮತ್ತೆ ಬಂದಾಗ ಡಬ್ಬಿಯ ಹಿಂದಿನಿಂದ ಪಟ್ ಅಂತ ಶಬ್ದ ಬಂದು ಸುಟ್ಟ ವಾಸನೆ ಹರಡಿತು. ಎಸ್‌ಎಂಪಿಎಸ್ ಒಂದೇ ಹೋಗಿದ್ದರೆ ಹೋಗಲಿ ಅನ್ನಬಹುದಿತ್ತು. ಅದು ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆ ಹಾರ್ಡ್‌ಡಿಸ್ಕಿನಲ್ಲಿ ಐದು ವರ್ಷದ ಯಕ್ಷಗಾನ, ತಾಳಮದ್ದಳೆ ರೆಕಾರ್ಡಿಂಗ್ ಇತ್ತು. ಅಪ್ಪ ಕರ್ಣನ ಅರ್ಥ ಹೇಳಿದ್ದ ಒಂದು ರಾತ್ರಿಯ ಪೂರ್ತಿ ಆಡಿಯೋ ಅದರಲ್ಲೇ ಇತ್ತು. ಬೇರೆ ಪ್ರತಿ ಇರಲಿಲ್ಲ. ಅಪ್ಪ ಈಗ ಇಲ್ಲ.

ಹಾಗಾಗಿ 2023ರಲ್ಲಿ ನಾನೇ ಒಂದೊಂದೇ ಭಾಗ ಆರಿಸಿ ಜೋಡಿಸಲು ಕೂತಾಗ ಮೊದಲು ಬರೆದುಕೊಂಡದ್ದು ಎಸ್‌ಎಂಪಿಎಸ್. ಪ್ರೊಸೆಸರ್ ಆಮೇಲೆ ಬಂತು.

ಎಸ್‌ಎಂಪಿಎಸ್ ಮಾಡುವ ಕೆಲಸ ಸರಳ. ಗೋಡೆಯಿಂದ 230 ವೋಲ್ಟ್ ಎಸಿ ತೆಗೆದುಕೊಂಡು ಒಳಗಿನ ಭಾಗಗಳಿಗೆ 12, 5, 3.3 ವೋಲ್ಟ್ ಡಿಸಿ ಕೊಡುತ್ತದೆ. ನೀವು ಕೊಂಡ ಪ್ರತಿಯೊಂದು ಭಾಗವೂ ಅದಕ್ಕೇ ನೇತುಬಿದ್ದಿರುತ್ತದೆ. ಒಳ್ಳೆಯದಾದರೆ ವೋಲ್ಟೇಜ್ ಹದ ತಪ್ಪಿದಾಗ ತಾನೇ ಆಫ್ ಆಗುತ್ತದೆ. ಕಳಪೆಯದಾದರೆ ತಾನು ಸಾಯುವಾಗ ಉಳಿದವನ್ನೂ ಸಾಯಿಸುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡಬೇಡಿ, ಬದಿಯ ಲೇಬಲ್ ಓದಿ. 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ, ಅದನ್ನು 12ರಿಂದ ಗುಣಿಸಿ. 45 ಆಂಪಿಯರ್ ಇದ್ದರೆ 540 ವ್ಯಾಟ್ ಆಯಿತು, ಅಂದರೆ 550 ಅಂತ ಬರೆದದ್ದು ನಿಜ. 500 ಅಂತ ದಪ್ಪಕ್ಷರದಲ್ಲಿ ಬರೆದು ಒಳಗೆ 12 ವೋಲ್ಟಿಗೆ ಅದರ ಅರ್ಧವೂ ಇಲ್ಲದಿದ್ದರೆ ಅಲ್ಲಿಗೇ ಕೈಬಿಡಿ. ಇನ್ನೊಂದು ಮಾತು. 80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವ ಗುರುತು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ರಕ್ಷಣೆ ಹೇಗಿದೆ ಅಂತ ಹೇಳುವುದಿಲ್ಲ. ಅದಕ್ಕೆ ಆ ಮಾಡೆಲ್ಲನ್ನು ಬಿಚ್ಚಿ ಪರೀಕ್ಷೆ ಮಾಡಿದವರ ಬರಹವನ್ನೇ ಹುಡುಕಿ ಓದಬೇಕು.

ಯುಪಿಎಸ್ ವಿಷಯದಲ್ಲೂ ಹೀಗೇ. 600 ವಿಎ (ವೋಲ್ಟ್-ಆಂಪಿಯರ್) ಅಂತ ಬರೆದ ಸಣ್ಣ ಯುಪಿಎಸ್ ನಿಜಕ್ಕೂ ಕೊಡುವುದು ಸುಮಾರು 360 ವ್ಯಾಟ್. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿ ಅದಕ್ಕೆ ಮಾನಿಟರನ್ನೂ ಚುಚ್ಚಿದರೆ ಕರೆಂಟ್ ಹೋದ ಕ್ಷಣ ಅದೂ ಕೈಕೊಡುತ್ತದೆ.

ಇಷ್ಟೆಲ್ಲ ಯೋಚನೆ ಮಾಡಿ, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಒಂದು ದಿನ ಪೂರ್ತಿ ತಿರುಗಿ, ಡಬ್ಬಿಗಳನ್ನು ಹೊತ್ತು ತಂದು ಜೋಡಿಸಿದೆ. ಮೊದಲ ಸಲಕ್ಕೇ ಆನ್ ಆಯಿತು. ಆ ಖುಷಿಯಲ್ಲಿ ಕ್ಯಾಬಿನೆಟ್ ಹಿಂದೆ ಕೈ ಹಾಕಿ ಸ್ಕ್ರೂ ಬಿಗಿ ಮಾಡಲು ಹೋದೆ. ಬೆರಳಿಗೆ ಜುಂ ಅಂತು. ಶಾಕ್ ಅನ್ನುವಷ್ಟಲ್ಲ. ಇರುವೆ ಸಾಲು ಹರಿದ ಹಾಗೆ. ಚಪ್ಪಲಿ ಹಾಕಿ ಮುಟ್ಟಿದರೆ ಏನೂ ಇಲ್ಲ, ಬರಿಗಾಲಲ್ಲಿ ಕೆಂಪು ನೆಲದ ಮೇಲೆ ನಿಂತು ಮುಟ್ಟಿದರೆ ಜುಂ. ಟೆಸ್ಟರ್ ಇಟ್ಟು ನೋಡಿದೆ, ದೀಪ ಉರಿಯಿತು. ಹೊಸ ಎಸ್‌ಎಂಪಿಎಸ್ ಕೆಟ್ಟದ್ದು ಬಂತು ಅಂತ ಎದೆ ಧಸಕ್ ಅಂತು.

ಎಸ್‌ಎಂಪಿಎಸ್‌ದು ಏನೂ ತಪ್ಪಿರಲಿಲ್ಲ. ಸಾಮಾನ್ಯವಾಗಿ ಎಸ್‌ಎಂಪಿಎಸ್‌ನಲ್ಲಿ ಕರೆಂಟ್ ಒಳಗೆ ಬರುವ ಬಾಗಿಲಲ್ಲೇ ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿ ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಕ್ಯಾಬಿನೆಟ್ಟಿನ ಲೋಹಕ್ಕೆ ಸೇರಿರುತ್ತದೆ. ಅರ್ಥಿಂಗ್ ಇದ್ದರೆ ಅಲ್ಲಿ ಸೋರುವ ಚೂರು ಕರೆಂಟ್ ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ 230ರ ಅರ್ಧಕ್ಕೆ, ಅಂದರೆ ನೂರಹತ್ತು ಚಿಲ್ಲರೆ ವೋಲ್ಟಿಗೆ ಏರಿ ಕೂತಿರುತ್ತದೆ. ಸೋರುವ ಕರೆಂಟ್ ತೀರಾ ಕಡಿಮೆ, ಅದಕ್ಕೇ ಬರೀ ಜುಂ. ಆದರೆ ನಾಳೆ ಒಳಗೆ ನಿಜವಾಗಿ ಫೇಸ್ ತಂತಿ ಲೋಹಕ್ಕೆ ತಾಗಿದರೆ ಫ್ಯೂಸ್ ಹೋಗುವುದಿಲ್ಲ. ಮುಟ್ಟಿದವರ ಜೀವ ಹೋಗುತ್ತದೆ. ನನಗೆ ಇನ್ನೊಂದು ತೊಂದರೆಯೂ ಇತ್ತು. ರೆಕಾರ್ಡರನ್ನು ಯುಎಸ್‌ಬಿಗೆ ಚುಚ್ಚಿ ರೆಕಾರ್ಡ್ ಮಾಡಿದರೆ ಮದ್ದಳೆ ನಿಂತಾಗೆಲ್ಲ ಹಿಂದೆ ಗುಂಯ್ ಅನ್ನುವ ಸದ್ದು.

ಎಲೆಕ್ಟ್ರಿಷಿಯನ್ ಬಂದು ಮಲ್ಟಿಮೀಟರ್ ಇಟ್ಟರು. ಫೇಸ್‌ಗೂ ಅರ್ಥ್‌ಗೂ ನಡುವೆ 230ರ ಆಸುಪಾಸು ಬರಬೇಕಾದ ಕಡೆ ಏನೇನೋ ಅಂಕಿ. ಪ್ಲಗ್‌ಗೆ ಮೂರು ತೂತು ಇದ್ದವು, ಮೂರನೆಯದಕ್ಕೆ ಹಸಿರು ತಂತಿಯೂ ಇತ್ತು. ಆ ತಂತಿಯ ಬೆನ್ನು ಹತ್ತಿ ಹೊರಗೆ ಹೋದರೆ ಬಾವಿಕಟ್ಟೆ ಹತ್ತಿರ ತುಕ್ಕು ಹಿಡಿದು ತುಂಡಾಗಿ ಬಿದ್ದಿತ್ತು. ಯಾವ ವರ್ಷ ತುಂಡಾಯಿತೋ ಯಾರಿಗೂ ಗೊತ್ತಿಲ್ಲ. 2017ರಲ್ಲಿ ಅದು ಸರಿ ಇತ್ತಾ ಅನ್ನುವ ಪ್ರಶ್ನೆ ಆವತ್ತಿನಿಂದ ನನ್ನ ತಲೆಯಿಂದ ಹೋಗಿಲ್ಲ. ಹೊಸ ಗುಂಡಿ ತೋಡಿ, ಪೈಪ್ ಇಳಿಸಿ, ಉಪ್ಪು, ಇದ್ದಿಲು ತುಂಬಿ, ಹೊಸ ತಂತಿ ಎಳೆದರು. ಅರ್ಧ ದಿನದ ಕೆಲಸ. ಜುಂ ನಿಂತಿತು. ಗುಂಯ್ ಕೂಡ ಅದರ ಜೊತೆಗೇ ಹೋಯಿತು.

ಉಳಿದ ಭಾಗಗಳ ಬಗ್ಗೆಯೂ ಹೇಳುತ್ತೇನೆ. ಯಾವ ಕೆಲಸಕ್ಕೆ ಅನ್ನುವುದು ಮೊದಲು ಗೊತ್ತಿರಬೇಕು. ಗೇಮ್ ಆಡುವವರು ಹಣದ ದೊಡ್ಡ ಪಾಲನ್ನು ಗ್ರಾಫಿಕ್ಸ್ ಕಾರ್ಡಿಗೇ ಇಡಲಿ. ನನ್ನದು ವಿಡಿಯೋ. 100 ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 100 ಮೆಗಾಬಿಟ್‌ನಂತೆ, 4ಕೆ ಚಿತ್ರೀಕರಿಸಿದರೆ ಗಂಟೆಗೆ 45 ಜಿಬಿ. ರಾತ್ರಿಯಿಂದ ಬೆಳಗಿನ ತನಕದ ಎಂಟು ಗಂಟೆಯ ಯಕ್ಷಗಾನದ ಆಟಕ್ಕೆ 360 ಜಿಬಿ. ಈ ಲೆಕ್ಕ ಹಾಕಿದ ಮೇಲೆ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕ್ ಎಡಿಟಿಂಗ್‌ಗೆ, 4 ಟಿಬಿ ಹಾರ್ಡ್‌ಡಿಸ್ಕ್ ಕೂಡಿಡಲು ಅಂತ ತಾನಾಗಿಯೇ ತೀರ್ಮಾನವಾಯಿತು. ಎರಡನೇ ಪ್ರತಿ ತಂಗಿಯ ಮನೆಯಲ್ಲಿದೆ.

ಪ್ರೊಸೆಸರ್ ಇಂಟೆಲ್ ಐ5-12400. ಅಂಗಡಿಯಲ್ಲಿ 12400ಎಫ್ ತಗೊಳ್ಳಿ, ಅದೇ ಕೆಲಸ, ಬೆಲೆ ಕಡಿಮೆ ಅಂದರು. ಎರಡರದೂ ಆರು ಕೋರ್, ಹನ್ನೆರಡು ಥ್ರೆಡ್, ನಿಜ. ಆದರೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಬೇರೆ ಕಾರ್ಡ್ ಹಾಕದೆ ಪರದೆಯ ಮೇಲೆ ಏನೂ ಬರುವುದಿಲ್ಲ. ಅದಲ್ಲದೆ ವಿಡಿಯೋ ಬಿಡಿಸಿ ಓದಲು ನೆರವಾಗುವ ಕ್ವಿಕ್ ಸಿಂಕ್ ಅನ್ನುವ ಭಾಗ ಇರುವುದು ಆ ಗ್ರಾಫಿಕ್ಸ್‌ನಲ್ಲೇ. ನನ್ನ ಕೆಲಸಕ್ಕೆ ಅದೇ ಮುಖ್ಯವಾಗಿತ್ತು. ಕಾರ್ಡ್ ಇಲ್ಲದೆಯೇ ಎರಡು ವರ್ಷ ನಡೆಸಿದೆ, ಏನೂ ಕೊರತೆ ಆಗಲಿಲ್ಲ. ಇದೇ ಪ್ರೊಸೆಸರ್ ಬೋರ್ಡಿಗೆ ತಕ್ಕಂತೆ ರ್ಯಾಮ್ ಡಿಡಿಆರ್4 ಆದರೂ ನಡೆಸುತ್ತದೆ, ಡಿಡಿಆರ್5 ಆದರೂ ನಡೆಸುತ್ತದೆ. ಬೋರ್ಡ್ ಮಾತ್ರ ಎರಡರಲ್ಲಿ ಒಂದನ್ನೇ ಹಿಡಿಯುತ್ತದೆ, ರ್ಯಾಮ್ ಕಡ್ಡಿಯ ಕಚ್ಚು ಬೇರೆ ಕಡೆ ಇರುತ್ತದೆ. ಬೋರ್ಡಿನ ಪೂರ್ತಿ ಹೆಸರು ಓದದೆ ರ್ಯಾಮ್ ಕೊಳ್ಳಬೇಡಿ.

ಜೋಡಿಸುವಾಗ ಹೆದರಿಕೆ ಆಗುವ ಜಾಗ ಒಂದೇ. ಪ್ರೊಸೆಸರನ್ನು ಸಾಕೆಟ್ಟಿನಲ್ಲಿ ಇಟ್ಟು ಲೀವರ್ ಒತ್ತುವುದು. ಮೂಲೆಯ ಪುಟ್ಟ ತ್ರಿಕೋನದ ಗುರುತು ಹೊಂದಿಸಿ, ಸುಮ್ನೆ ಕೈಬಿಟ್ಟರೆ ಅದು ತಾನಾಗಿ ಕೂರುತ್ತದೆ. ಅಲುಗಿಸಬಾರದು, ಒತ್ತಬಾರದು. ಲೀವರ್ ಕೆಳಗೆ ತರುವಾಗ ಮಾತ್ರ ನೆನೆಸಿದ್ದಕ್ಕಿಂತ ಜಾಸ್ತಿ ಬಲ ಬೇಕು, ಕರ್ ಅಂತ ಏನೋ ಮುರಿದ ಹಾಗೆ ಸದ್ದು ಬರುತ್ತದೆ. ಮುರಿದಿಲ್ಲ, ಅದು ಹಾಗೇ. ರ್ಯಾಮ್ ಎರಡು ಕಡ್ಡಿ ಇದ್ದರೆ, ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು. ಆನ್ ಆದ ಮೇಲೆ ಬೋರ್ಡಿನ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ, ರ್ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿ. ಇಲ್ಲದಿದ್ದರೆ ಎಷ್ಟೋ ಸಲ ದುಡ್ಡು ಕೊಟ್ಟ ವೇಗಕ್ಕಿಂತ ನಿಧಾನವಾಗಿ ಓಡುತ್ತಿರುತ್ತದೆ.

ನನಗೆ ಆವಾಗ ಮಾನಿಟರ್, ಯುಪಿಎಸ್ ಬಿಟ್ಟು 56 ಸಾವಿರ ಆಯಿತು. ಈಗ ಅದೇ ಪಟ್ಟಿ ಆ ಬೆಲೆಗೆ ಸಿಗುವುದಿಲ್ಲ. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಜಾಸ್ತಿ ಅಂತ ಚಿಪ್ ತಯಾರಿಸುವವರು ಆ ಕಡೆ ತಿರುಗಿದ್ದಾರೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಷಿಯಲ್ ರ್ಯಾಮ್, ಎಸ್‌ಎಸ್‌ಡಿ ವ್ಯವಹಾರವನ್ನೇ ನಿಲ್ಲಿಸುತ್ತೇವೆ ಅಂತ ಹೇಳಿತು. ಹೀಗಿರುವಾಗ ಕೈ ಬಿಗಿಯಾಗುವುದು ಸಹಜ. ಆಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಎಸ್‌ಎಂಪಿಎಸ್‌ಗೇ. ದಯವಿಟ್ಟು ಹಾಗೆ ಮಾಡಬೇಡಿ. ಬೇಕಾದರೆ 16 ಜಿಬಿ ರ್ಯಾಮ್‌ನಲ್ಲೇ ಶುರು ಮಾಡಿ, ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷ ಹಾಕಿ, ಫ್ಯಾನಿನ ಬಣ್ಣ ಬಿಡಿ. ಡೆಸ್ಕ್‌ಟಾಪ್ ಸ್ವಂತ ಜೋಡಿಸುವುದರ ಸುಖವೇ ಅದು ಅಲ್ವಾ, ಬೇಕಾದಾಗ ಬೇಕಾದ್ದನ್ನು ಸೇರಿಸಿಕೊಳ್ಳಬಹುದು.

ಹುಡುಗ ನಿನ್ನೆ ರಾತ್ರಿ ಫೋಟೋ ಕಳಿಸಿದ್ದಾನೆ. ಅವನ ಟೇಬಲ್ ಹತ್ತಿರದ ಪ್ಲಗ್ ಎರಡು ತೂತಿನದ್ದು, ಮೂರು ಪಿನ್ ಚುಚ್ಚಲು ಒಂದು ಕನ್ವರ್ಟರ್ ಹಾಕಿಟ್ಟಿದ್ದಾನೆ. ಅದನ್ನು ತೆಗೆದು ಬಿಸಾಡು ಅಂದೆ. ಗುರುವಾರ ಎಲೆಕ್ಟ್ರಿಷಿಯನ್ ಬರುತ್ತಾರಂತೆ. ನಾನೂ ಹೋಗುತ್ತೇನೆ. ಅವರು ಮೀಟರ್ ಇಟ್ಟು ನೋಡಿದ ಮೇಲೆ ಇಬ್ಬರೂ ಕೂತು ಪಟ್ಟಿ ಮತ್ತೆ ಬರೆಯುತ್ತೇವೆ.