ಮಡಿಯುಟ್ಟ ಆಮ್ಲ

ದ್ರವ ಗೊಬ್ಬರದ ಡಬ್ಬಿಗಳ ಮೇಲೆ ‘ಆಹಾರ ದರ್ಜೆಯ ಶುದ್ಧ ಫಾಸ್ಫರಿಕ್ ಆಮ್ಲದಿಂದ ತಯಾರಾದದ್ದು’ ಎಂಬ ಬಿರುದು ರಾರಾಜಿಸುವುದನ್ನು ತಾವೂ ಕಂಡಿರಬಹುದು. ಕೋಲಾಗಳಿಗೆ ಹುಳಿ ಕೊಡುವ ಆಮ್ಲವೇ ತನ್ನ ಬೇರಿಗೂ ಬೇಕೆಂದು ಯಾವ ಗಿಡ ಅರ್ಜಿ ಹಾಕಿತ್ತೋ, ಅಂತೂ ಮಂಜೂರಾಗಿದೆ.

ಆ ಆಮ್ಲಕ್ಕೆ ನಡೆಯುವ ಉಪಚಾರ ಸಾಮಾನ್ಯದ್ದಲ್ಲ. ರಂಜಕದ, ಅಂದರೆ ಫಾಸ್ಫರಸ್ಸಿನ, ಶಿಲೆಯನ್ನು ಪುಡಿಮಾಡಿ, ಗಂಧಕಾಮ್ಲದಲ್ಲಿ ಕರಗಿಸಿ, ಜಿಪ್ಸಮ್ಮನ್ನು ಸೋಸಿ ತೆಗೆದರೆ ಹಸಿರೋ ಕಪ್ಪೋ ಹೇಳಲಾಗದ ಮಂದ ದ್ರವ ಸಿಗುತ್ತದೆ. ಅದಕ್ಕಂಟಿದ ಕಬ್ಬಿಣ, ಅಲ್ಯೂಮಿನಿಯಂ, ಮೆಗ್ನೀಸಿಯಂ, ವಿಷಲೋಹವಾದ ಕ್ಯಾಡ್ಮಿಯಂಗಳ ಮೈಲಿಗೆ ಕಳೆಯಲು ಟ್ರೈಬ್ಯುಟೈಲ್ ಫಾಸ್ಫೇಟ್‌ನಂಥ ದ್ರಾವಕದೊಳಕ್ಕೆ ಆಮ್ಲವನ್ನು ಸೆಳೆದು, ತೊಳೆದು, ಮತ್ತೆ ನೀರಿಗಿಳಿಸಿ, ಬಣ್ಣ ತೆಗೆದು, ಶೇ. 85ರ ಹದಕ್ಕೆ ಬತ್ತಿಸುತ್ತಾರೆ. ಹೀಗೆ ಮಡಿಯುಟ್ಟ ಆಮ್ಲವನ್ನು ಅಮೋನಿಯಾದಿಂದಲೋ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದಲೋ ತಟಸ್ಥಗೊಳಿಸಿದರೆ ಗೊಬ್ಬರ ಸಿದ್ಧ. ಅದನ್ನು ಸುರಿಯುವುದಾದರೂ ಎಲ್ಲಿಗೆ? ಮಣ್ಣಿಗೆ! ಅಲ್ಲಿ ಅದೇ ಕಬ್ಬಿಣ, ಅದೇ ಅಲ್ಯೂಮಿನಿಯಂ ಕಾದು ಕುಳಿತಿದ್ದು, ಬಂದ ರಂಜಕದ ದೊಡ್ಡ ಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆ. ಸುಣ್ಣದ ಮಣ್ಣಾದರೆ ಆ ಕೆಲಸ ಕ್ಯಾಲ್ಸಿಯಂನದು.

ಹನಿ ನೀರಾವರಿಯ ಮಾತು ಬೇರೆ ಎಂಬುದನ್ನು ಒಪ್ಪಲೇಬೇಕು. ಕಚ್ಚಾ ಆಮ್ಲಕ್ಕೆ ಅಮೋನಿಯಾ ಬೆರೆಸಿದರೆ ಮೆಗ್ನೀಸಿಯಂ ಅಮೋನಿಯಂ ಫಾಸ್ಫೇಟ್ ಹರಳುಗಟ್ಟಿ ಟ್ಯಾಂಕಿನ ತಳದಲ್ಲಿ ಕೂರುತ್ತದೆ, ಡ್ರಿಪ್ಪರ್‌ಗಳು ಕಟ್ಟಿಕೊಳ್ಳುತ್ತವೆ. ಆದರೆ ರಂಜಕವನ್ನು ಬೇರು ಹೀರುವ ರೂಪವಾದ ಆರ್ಥೋಫಾಸ್ಫೇಟ್ ಅಯಾನು ಕಚ್ಚಾ ಆಮ್ಲದಲ್ಲೂ ಮಡಿಯುಟ್ಟದ್ದರಲ್ಲೂ ಒಂದೇ, ಅದಕ್ಕೆ ಕುಲಗೋತ್ರವಿಲ್ಲ.

1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಎಂಬ ರಸವಾದಿ ಮೂತ್ರವನ್ನು ಕುದಿಸಿ ಕುದಿಸಿ ಚಿನ್ನ ಹುಡುಕಿದ, ಸಿಕ್ಕಿದ್ದು ರಂಜಕ. ಪಾಪ, ಪಾತ್ರೆಯ ಮೇಲೆ ಚೀಟಿ ಅಂಟಿಸುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ, ಇಲ್ಲದಿದ್ದರೆ ಚಿನ್ನವೂ ಸಿಗುತ್ತಿತ್ತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ತೊಳೆದು ತೆಗೆದ ಕೊಳೆ ಎಲ್ಲಿಗೆ ಹೋಗುತ್ತದೆ? ಅದರಲ್ಲೂ ರಂಜಕ ಉಳಿದಿರುವುದರಿಂದ, ಸಾಮಾನ್ಯವಾಗಿ ಅದನ್ನು ಚೀಲಗಳಲ್ಲಿ ಮಾರುವ ಕಾಳು ಕಾಳಾದ ಗೊಬ್ಬರದ ತಯಾರಿಕೆಗೇ ತಿರುಗಿಸುತ್ತಾರೆ. ಅಂದರೆ ಡಬ್ಬಿ ಕೊಳ್ಳಬಲ್ಲವನ ಹೊಲದಿಂದ ತಪ್ಪಿಸಿದ ಕ್ಯಾಡ್ಮಿಯಂ ಚೀಲ ಕೊಳ್ಳುವವನ ಹೊಲಕ್ಕೆ ಇಳಿಯುತ್ತದೆ. ಯುರೋಪಿನ ಒಕ್ಕೂಟ ಇದಕ್ಕೆ 2022ರಿಂದ ಒಂದು ಮಿತಿಯನ್ನಾದರೂ ಹಾಕಿದೆ: ಗೊಬ್ಬರದ ರಂಜಕವನ್ನು ಅಳೆಯುವ ಲೆಕ್ಕವಾದ ರಂಜಕದ ಪೆಂಟಾಕ್ಸೈಡಿನ ಒಂದು ಕಿಲೋಗೆ 60 ಮಿಲಿಗ್ರಾಂ ಕ್ಯಾಡ್ಮಿಯಂ. ಇನ್ನು ಅದೇ ಪೆಂಟಾಕ್ಸೈಡಿನ ಪ್ರತಿ ಟನ್ನಿಗೆ ಸುಮಾರು 5 ಟನ್ನಿನಂತೆ ಹುಟ್ಟುವ ಜಿಪ್ಸಂ, ವಿಕಿರಣ ಸೂಸುವ ರೇಡಿಯಂ ಸಮೇತ, ಕಾರ್ಖಾನೆಯ ಪಕ್ಕದಲ್ಲಿ ಗುಡ್ಡವಾಗಿ ಬೆಳೆಯುತ್ತಿರುತ್ತದೆ. ಇದನ್ನೆಲ್ಲ ಶುದ್ಧೀಕರಣ ಎಂದು ಒಪ್ಪಿಕೊಂಡು ಚಪ್ಪಾಳೆ ತಟ್ಟಿ ತಟ್ಟಿ ನನಗೆ ಸಾಕಾಗಿದೆ. ಎಷ್ಟು ಕೊಳೆ ತೆಗೆದೆವೆಂದು ಡಬ್ಬಿಯ ಮೇಲೆ ಧಾರಾಳವಾಗಿ ಅಚ್ಚು ಹಾಕಿಸಲಿ. ಆ ಕೊಳೆ ಯಾವ ಚೀಲ ಸೇರಿತೆಂಬುದನ್ನೂ ಅದರ ಕೆಳಗೇ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿಸಲಿ.