ಕರುಣೆಯ ಮೂರರ ಮಗ್ಗಿ

2000ದಲ್ಲಿ ಹಾಲಿವುಡ್‌ನಿಂದ ಎರಡು ಸಿನಿಮಾ ಬಂದವು. ‘ಎಕ್ಸ್-ಮೆನ್’ನಲ್ಲಿ ಒಬ್ಬನ ಕೈಯಿಂದ ಲೋಹದ ಉಗುರುಗಳು ಚಾಚಿಕೊಳ್ಳುತ್ತವೆ. ‘ಪೇ ಇಟ್ ಫಾರ್ವರ್ಡ್’ನಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ ಬೀದಿಯಲ್ಲಿ ಮಲಗುವವನನ್ನು ಮನೆಗೆ ಕರೆತಂದು ಹೊಟ್ಟೆಗೆ ಹಾಕುತ್ತಾನೆ. ವಿಮರ್ಶಕರಲ್ಲಿ ಬಹಳ ಜನ ಉಗುರನ್ನು ಒಪ್ಪಿಕೊಂಡರು. ಊಟ ಹಾಕಿದ್ದು ಮಾತ್ರ ಯಾಕೋ ಅವರಿಗೆ ಅರಗಲಿಲ್ಲ. ಹೀಗೆಲ್ಲ ಎಲ್ಲಾದರೂ ನಡೆಯುತ್ತಾ ಸ್ವಾಮಿ?

‘ಪೇ ಇಟ್ ಫಾರ್ವರ್ಡ್’ ಕತೆ ಲಾಸ್ ವೇಗಸ್‌ನದು. ಅಂದರೆ ಜೂಜಾಡಿ ಕೋಟ್ಯಧಿಪತಿ ಆಗ್ತೀನಿ ಅಂತ ಜನ ನಂಬುವ ಊರು. ಅಲ್ಲಿನ ಮೇಷ್ಟ್ರು ಮಕ್ಕಳಿಗೆ ಜಗತ್ತನ್ನು ಬದಲಾಯಿಸುವ ಹೋಂವರ್ಕ್ ಕೊಡುತ್ತಾರೆ. ಹುಡುಗ ಟ್ರೆವರ್ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಾನೆ: ನಾನು ಮೂವರಿಗೆ ಸಹಾಯ ಮಾಡ್ತೀನಿ, ಅವರು ತಲಾ ಮೂವರಿಗೆ. ಮೂರು, ಒಂಬತ್ತು, ಇಪ್ಪತ್ತೇಳು. ಇದೇ ಮಗ್ಗಿ ಹೇಳುತ್ತಾ ಹೋದರೆ 20ನೇ ಸುತ್ತಿಗೆ 348 ಕೋಟಿ, 21ನೇ ಸುತ್ತಿಗೆ 1,046 ಕೋಟಿ ಜನ ಬೇಕು. ಆಗ ಭೂಮಿ ಮೇಲೆ ಇದ್ದವರೇ ಸುಮಾರು 610 ಕೋಟಿ. ಸಹಾಯ ಮಾಡಿಸಿಕೊಳ್ಳೋಕೆ ಜನ ಸಾಲದೆ ಹೊಡೆದಾಟ ಆಗುತ್ತಿತ್ತು! ಇಂಥ ಲೆಕ್ಕ ತೋರಿಸಿ ದುಡ್ಡು ಕಟ್ಟಿಸಿಕೊಳ್ಳುವ ಚೈನ್ ಸ್ಕೀಮುಗಳನ್ನು ನಾವು ಕಣ್ಣುಮುಚ್ಚಿ ನಂಬುತ್ತೇವೆ ಬಿಡಿ.

ವಿಮರ್ಶಕರನ್ನೇ ಬೈದರೆ ಅನ್ಯಾಯ. ತನ್ನ ಕತೆ ಮೇಲೆ ಸಿನಿಮಾಗೇ ನಂಬಿಕೆ ಇರಲಿಲ್ಲ. ಬರೀ ಒಳ್ಳೆತನಕ್ಕೆ ಜನ ಅಳ್ತಾರೋ ಇಲ್ವೋ ಅಂತ ಹೆದರಿ, ಕೊನೆಗೆ ಆ ಪಾಪದ ಹುಡುಗನಿಗೆ ಚೂರಿ ಹಾಕಿಸಿದರು. ಆಮೇಲೆ ಮೇಣದಬತ್ತಿ ಹಿಡಿದವರ ಸಾಲೋ ಸಾಲು.

ನಮ್ಮ ಕಡೆಯವರು ಜಾಣರು. ಇದೇ ಎಳೆ 2006ರಲ್ಲಿ ತೆಲುಗಿಗೆ ಬಂದು ‘ಸ್ಟಾಲಿನ್’ ಆಯ್ತು. ಹನ್ನೊಂದು ವರ್ಷದ ಹುಡುಗನ ಜಾಗದಲ್ಲಿ ಚಿರಂಜೀವಿ! 2014ರಲ್ಲಿ ಅದು ಹಿಂದಿಯ ‘ಜೈ ಹೋ’ ಆಗಿ ಸಲ್ಮಾನ್ ಖಾನ್ ಬಂದರು. ಮೂವರಿಗೆ ಉಪಕಾರ ಮಾಡಬೇಕಾದರೆ ಮೂವತ್ತು ಜನರ ಮೂಳೆ ಮುರಿಯಲೇಬೇಕು ಅನ್ನೋದು ನಮ್ಮ ತಿದ್ದುಪಡಿ. ಥ್ಯಾಂಕ್ಸ್ ಬೇಡ, ಮೂವರಿಗೆ ಸಹಾಯ ಮಾಡಿ ಅನ್ನುವ ಕೈಯೇ ಇನ್ನೊಬ್ಬನನ್ನು ಗೋಡೆಗೆ ಎಸೆಯುತ್ತಿರುತ್ತದೆ. ಕರುಣೆಗೆ ಬಾಡಿ ಬಿಲ್ಡಿಂಗ್ ಮಾಡಿಸಿದ ಕೀರ್ತಿ ನಮ್ಮದೇ.

ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕದ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇದು ನಿಜವಾಗಿಯೂ ನಡೆಯಿತು. ಕಾರಿನಿಂದ ಇಳಿಯದೆ ಕಿಟಕಿಯಲ್ಲೇ ಕಾಫಿ ತಗೊಂಡು ಹೋಗುವ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯಲ್ಲಿ ಬೆಳಗ್ಗೆ ಒಬ್ಬಾಕೆ ತನ್ನ ಕಾಫಿ ಜೊತೆ ಹಿಂದಿನ ಕಾರಿನವರ ಕಾಫಿಗೂ ದುಡ್ಡು ಕೊಟ್ಟಳು. ಅವರು ತಮ್ಮ ಹಿಂದಿನವರಿಗೆ ಕೊಟ್ಟರು. ಸಂಜೆವರೆಗೂ ಇದೇ ಆಟ, ಲೆಕ್ಕ 378ಕ್ಕೆ ಮುಟ್ಟಿತು. ಕಿಟಕಿಯಲ್ಲಿದ್ದವರು ಪ್ರತಿಯೊಬ್ಬರಿಗೂ ‘ನಿಮ್ಮದು ಮುಂದಿನವರು ಕೊಟ್ಟಿದಾರೆ, ನೀವು ಹಿಂದಿನವರದ್ದು ಕೊಡ್ತೀರಾ?’ ಅಂತ ಕೇಳುತ್ತಿದ್ದರು. ಇಷ್ಟಾದ ಮೇಲೆ ಇಲ್ಲ ಅನ್ನೋ ಧೈರ್ಯ ಯಾರಿಗಿದೆ ಹೇಳಿ? ಒಬ್ಬರ ಕಾಫಿಯ ದುಡ್ಡು ಇನ್ನೊಬ್ಬರು ಕೊಟ್ಟು, ಕೊನೆಗೆ ಎಲ್ಲರ ಜೇಬಿನಿಂದಲೂ ಒಂದೊಂದು ಕಾಫಿಯ ದುಡ್ಡು ಹೋಯಿತು. ಬೀದಿಯಲ್ಲಿ ಮಲಗುವವನಿಗೆ ಕಾರು ಇರಲ್ಲ, ಅವನು ಆ ಸಾಲಿನಲ್ಲಿ ಬರೋ ಹಾಗೇ ಇರಲಿಲ್ಲ.

ಸಂಜೆ ಆರರ ಹೊತ್ತಿಗೆ ಒಬ್ಬ ಹೆಂಗಸು ಬೇಡ ಅಂದಳು, ಸರಪಳಿ ನಿಂತಿತು. ಪೇಪರಲ್ಲೆಲ್ಲ ಅವಳದ್ದೇ ಸುದ್ದಿ. ಅವಳು ಮಾಡಿದ್ದಿಷ್ಟೇ: ತನ್ನ ಕಾಫಿಗೆ ತಾನೇ ದುಡ್ಡು ಕೊಡ್ತೀನಿ ಅಂದಿದ್ದು.