ಜೂಜಿಗೆ ಕೌಶಲ, ಟಿಕೆಟ್ಟಿಗೆ ಅದೃಷ್ಟ

2017ರಲ್ಲಿ ಒಬ್ಬಾತ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮೆಟ್ಟಿಲೇರಿದ. ಕ್ರಿಕೆಟ್ ಆಟಗಾರರನ್ನು ಆರಿಸಿ ಹಣ ಕಟ್ಟಿ ಆಡುವ ಡ್ರೀಮ್ ಇಲೆವೆನ್ ಎಂಬ ಆ್ಯಪ್‌ನಲ್ಲಿ ತಂಡ ಕಟ್ಟಿ ಐವತ್ತು ಸಾವಿರ ರೂಪಾಯಿ ಕಳೆದುಕೊಂಡಿದ್ದೇನೆ, ಇದು ಅಪ್ಪಟ ಜೂಜು ಎಂಬುದು ಅವನ ಅಹವಾಲು. ನ್ಯಾಯಾಲಯ ಎಲ್ಲವನ್ನೂ ಪರಿಶೀಲಿಸಿ, ಇದು ಜೂಜಲ್ಲ, ಕೌಶಲದ ಆಟ ಎಂದು ಹೇಳಿ ಅರ್ಜಿಯನ್ನು ವಜಾ ಮಾಡಿತು. ಅಲ್ಲಿಗೆ ಆ ಬಡಪಾಯಿ ಹಣದ ಜೊತೆಗೆ ಮಾನವನ್ನೂ ಕಳೆದುಕೊಂಡ. ಸೋತದ್ದು ಕೌಶಲದ ಆಟದಲ್ಲಿ ಎಂದ ಮೇಲೆ ಅವನಿಗೆ ಕೌಶಲವಿಲ್ಲ ಎಂದೇ ತಾನೇ ಅರ್ಥ? ಜೂಜಿನಲ್ಲಿ ಸೋತವನಿಗೆ "ನನ್ನ ಗ್ರಹಚಾರ" ಎಂದು ಹಣೆ ಚಚ್ಚಿಕೊಳ್ಳುವ ಹಕ್ಕಾದರೂ ಇರುತ್ತದೆ. ಅದೂ ಹೋಯಿತು.

ಪಗಡೆ ಶಕುನಿಗೆ ಕೌಶಲ, ಧರ್ಮರಾಯನಿಗೆ ಅದೃಷ್ಟ. ಆಟ ಒಂದೇ, ಯಾರ ಕೈಯಲ್ಲಿ ದಾಳವಿದೆ ಎನ್ನುವುದಷ್ಟೇ ವ್ಯತ್ಯಾಸ. ಈ ಸೂಕ್ಷ್ಮ ಬಯಲಾಟ ನೋಡುತ್ತಾ ತೂಕಡಿಸುವ ಅಜ್ಜಿಗೂ ಗೊತ್ತು. ಕಾನೂನಿಗೆ ಮಾತ್ರ ಎರಡರಲ್ಲಿ ಒಂದು ಹೇಳಲೇಬೇಕು. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ಪಂದ್ಯವನ್ನು ಕೌಶಲದ ಆಟವೆಂದು ಮಾನ್ಯ ಮಾಡಿತ್ತು. ಕುದುರೆ ಓಡುತ್ತದೆ, ಜಾಕಿ ಓಡಿಸುತ್ತಾನೆ, ಮನೆ ಸಾಮಾನಿನ ದುಡ್ಡು ಕಟ್ಟಿ ಬೇಲಿ ಹಿಡಿದು ನಿಂತವನದು ಕೌಶಲ. ಆ ದಾರಿಯಲ್ಲೇ ಕ್ರಿಕೆಟ್ಟೂ ಬಂತು.

ಆಮೇಲಿನ ಎಂಟು ವರ್ಷ ದೇಶದಲ್ಲಿ ನಡೆದದ್ದು ನಿಜವಾದ ಕೌಶಲಾಭಿವೃದ್ಧಿ. ಸರಕಾರ ಅದಕ್ಕೆಂದೇ ತೆರೆದ ತರಬೇತಿ ಕೇಂದ್ರಗಳಲ್ಲಿ ಕುರ್ಚಿಗಳು ಖಾಲಿ ಇದ್ದಾಗ, ಚಹಾದಂಗಡಿಗಳು ತುಂಬಿದ್ದವು. ಐಪಿಎಲ್ ಪಂದ್ಯದ ಟಾಸ್ ಸಂಜೆ ಏಳಕ್ಕೆ, ಮೊದಲ ಎಸೆತ ಏಳೂವರೆಗೆ. ಆ ಅರ್ಧ ಗಂಟೆಯಲ್ಲಿ ರಾಜ್ಯದ ಯಾವ ಸಲೂನಿನಲ್ಲೂ ಕತ್ತರಿ ಅಲ್ಲಾಡುತ್ತಿರಲಿಲ್ಲ. ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿ ಕನ್ನಡಿಯೊಳಗಿಂದಲೇ ಉಪನಾಯಕ ಯಾರೆಂದು ಕೇಳುತ್ತಿದ್ದ. ನೂರು ಕ್ರೆಡಿಟ್‌ನೊಳಗೆ ಹನ್ನೊಂದು ಮಂದಿಯನ್ನು ಆರಿಸಬೇಕು. ನಾಯಕನಿಗೆ ಎರಡು ಪಟ್ಟು ಅಂಕ, ಉಪನಾಯಕನಿಗೆ ಒಂದೂವರೆ ಪಟ್ಟು. ಪಹಣಿ ಓದಲು ಬಾರದವನೂ ಪಿಚ್ ಓದುತ್ತಿದ್ದ. ನಲವತ್ತೊಂಬತ್ತು ರೂಪಾಯಿ ಕಟ್ಟಿದರೆ ಕೋಟಿ ಬರಬಹುದು ಎಂದು ಭಾರತ ತಂಡದ ಆಟಗಾರರೇ ಟಿವಿಯಲ್ಲಿ ಹೇಳುತ್ತಿದ್ದರು. ಹೇಳಿ ಮುಗಿಸಿದ ಮೇಲೆ ಮತ್ತೊಂದು ದನಿ ಬರುತ್ತಿತ್ತು. ಹಣಕಾಸಿನ ಅಪಾಯವಿದೆ, ಚಟವಾಗಬಹುದು, ಜವಾಬ್ದಾರಿಯಿಂದ ಆಡಿ ಎಂದು ಅದು ಹೇಳುತ್ತಿತ್ತಂತೆ. ಮದುವೆ ಮಂಟಪದಲ್ಲಿ ಮುಹೂರ್ತ ಮೀರುತ್ತಿರುವಾಗ ಪುರೋಹಿತರು ಹೇಳುವ ಮಂತ್ರದ ವೇಗ ಅದಕ್ಕಿತ್ತು. ಸಾಮಾನ್ಯ ಮಾತಿನ ವೇಗದಲ್ಲೇ ಹೇಳಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2020ರಲ್ಲಿ ನಿಯಮ ಮಾಡಿತ್ತು. ಅದೇ ವರ್ಷದ ಐಪಿಎಲ್‌ಗೆ ಶೀರ್ಷಿಕೆ ಪ್ರಾಯೋಜಕರು ಯಾರೆಂದು ಓದುಗರಿಗೆ ನೆನಪಿದ್ದೀತು. ಆ ಕೌಶಲದ ಆಟದವರೇ.

ನಮ್ಮ ರಾಜ್ಯ ಸುಮ್ಮನೆ ಕುಳಿತಿರಲಿಲ್ಲ. 2021ರ ಅಕ್ಟೋಬರ್ 5ರಿಂದ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕುದುರೆಗೆ ಮಾತ್ರ ವಿನಾಯಿತಿ, ಏಕೆಂದರೆ ಕುದುರೆ ಆನ್‌ಲೈನ್ ಅಲ್ಲ, ನಾಲ್ಕು ಕಾಲಿನ ಮೇಲೆ ನಿಂತಿರುತ್ತದೆ ಎಂದಿರಬಹುದು. ಅದಕ್ಕೆ ಎರಡು ತಿಂಗಳ ಹಿಂದೆ ತಮಿಳುನಾಡಿನ ಅಂಥದೇ ಕಾನೂನನ್ನು ಮದ್ರಾಸ್ ಹೈಕೋರ್ಟ್ ರದ್ದು ಮಾಡಿತ್ತು. ಆದ್ದರಿಂದ ಆ ಕಾಲದಲ್ಲಿ ಅತ್ತಿಬೆಲೆಯಲ್ಲಿ ಅಪರಾಧವಾಗಿದ್ದದ್ದು ಗಡಿ ದಾಟಿ ಹೊಸೂರಿಗೆ ಹೋದರೆ ಕೌಶಲವಾಗುತ್ತಿತ್ತು. ಟೋಲ್ ಕಟ್ಟಿ ಬುದ್ಧಿವಂತರಾಗುವ ಈ ಸೌಕರ್ಯ ಹೆಚ್ಚು ದಿನ ಬೇಕಾಗಲಿಲ್ಲ. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟೂ ನಿಷೇಧವನ್ನು ರದ್ದುಪಡಿಸಿ, ಪ್ರೇಮಿಗಳ ದಿನದಂದು ಆ್ಯಪ್ ಮತ್ತು ಅಭಿಮಾನಿಯನ್ನು ಒಂದುಗೂಡಿಸಿತು.

ಇಷ್ಟೆಲ್ಲ ಆದ ಮೇಲೆ 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಮೂರು ದಿನದಲ್ಲಿ ಕೌಶಲ ಮಾಯವಾಯಿತು. ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟುವ ಆನ್‌ಲೈನ್ ಆಟವೇ ಬೇಡ ಎಂದಿತು ಹೊಸ ಕಾನೂನು. ವರ್ಷಕ್ಕೆ 45 ಕೋಟಿ ಜನ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಸರಕಾರದ ಅಂದಾಜು. ಅದೇ ಸರಕಾರ 2023ರ ಅಕ್ಟೋಬರಿನಿಂದ ಅವರು ಕಟ್ಟುವ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಎಣಿಸಿಕೊಳ್ಳುತ್ತಿತ್ತು. ಅಪ್ಪಿತಪ್ಪಿ ಗೆದ್ದವನ ಗೆಲುವಿನಲ್ಲಿ ಶೇ 30 ಆದಾಯ ತೆರಿಗೆ ಬೇರೆ. ಎಣಿಸುವ ಕೈಗೆ ಕಣ್ಣೀರು ತಾಗಲು ಒಂದಿಷ್ಟು ಸಮಯ ಹಿಡಿಯುತ್ತದೆ.

ಭಾರತ ತಂಡದ ಅಂಗಿಯಿಂದ ಡ್ರೀಮ್ ಇಲೆವೆನ್ ಹೆಸರು ಇಳಿಯಿತು. ಅದಕ್ಕೂ ಮೊದಲು ಆ ಜಾಗದಲ್ಲಿದ್ದದ್ದು ಬೈಜೂಸ್, ಅದು 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಲುಕಿತು. ಅದಕ್ಕೂ ಹಿಂದೆ ಬಹುಕಾಲ ಸಹಾರಾ ಇತ್ತು, ಅದರ ಕಥೆಯನ್ನು ಠೇವಣಿದಾರರು ಹೇಳಿಯಾರು. ಏಷ್ಯಾ ಕಪ್ಪಿಗೆ ಆಟಗಾರರು ಯಾವ ಪ್ರಾಯೋಜಕರ ಹೆಸರೂ ಇಲ್ಲದೆ, ಬರೀ ದೇಶದ ಹೆಸರಿನ ಅಂಗಿ ತೊಟ್ಟು ಹೋದರು. ಗೆದ್ದು ಬಂದರು.

ಇಲ್ಲಿಗೆ ಎಲ್ಲ ಸರಿಹೋಯಿತು ಎನ್ನುವಾಗ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಸಭೆ ಸೇರಿ, ನಿಷೇಧಗೊಂಡ ಆನ್‌ಲೈನ್ ಹಣದಾಟದ ಮೇಲಿನ ತೆರಿಗೆಯನ್ನು ಶೇ 28ರಿಂದ 40ಕ್ಕೆ ಏರಿಸಿತು. ಎರಡು ವಾರದ ಹಿಂದೆ ಸರಕಾರವೇ ನಿಷೇಧಿಸಿದ ವಸ್ತುವಿಗೆ ತೆರಿಗೆ ಹೆಚ್ಚಳ! ಒಂದು ವೇಳೆ ನಿಷೇಧ ಫಲಿಸದಿದ್ದರೆ ತೆರಿಗೆಯಾದರೂ ಬರಲಿ ಎಂಬ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಅದೇ ಸಾಲಿನಲ್ಲಿ ಕ್ಯಾಸಿನೊ, ರೇಸ್ ಕ್ಲಬ್ಬುಗಳ ಪ್ರವೇಶ, ಅವುಗಳ ಪಕ್ಕದಲ್ಲೇ ಹೆಸರು ಹಿಡಿದು ಐಪಿಎಲ್ ಟಿಕೆಟ್. ಅದಕ್ಕೂ ಶೇ 40. ಸಾವಿರ ರೂಪಾಯಿಯ ಟಿಕೆಟ್ಟಿಗೆ ಮೊದಲು 1,280 ಕೊಡುತ್ತಿದ್ದವರು ಸೆಪ್ಟೆಂಬರ್ 22ರ ನಂತರ 1,400 ಕೊಡಬೇಕು. ಗುಟ್ಕಾ, ಪಾನ್ ಮಸಾಲೆಯ ಜೊತೆ ಒಂದೇ ಪಂಕ್ತಿಯಲ್ಲಿ ಕ್ರಿಕೆಟ್ ಟಿಕೆಟ್ಟನ್ನು ಕೂರಿಸಿದ್ದಕ್ಕೆ ಅಭಿಮಾನಿಗಳು ಸಿಟ್ಟಾದರು.

ನನಗೆ ಸಿಟ್ಟು ಬರಲಿಲ್ಲ. ಮಂಡಳಿಯವರಿಗೆ ಸತ್ಯ ಗೊತ್ತಾಗಿದೆ ಎಂದು ಸಂತೋಷವಾಯಿತು. ಏಕೆಂದರೆ ಈ ದೇಶದಲ್ಲಿ ಇಂದು ಉಳಿದಿರುವ ಅಪ್ಪಟ ಜೂಜು ಎಂದರೆ ಪಂದ್ಯದ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಕೊಳ್ಳುವುದು.

ನೋಡಿ, ಮಾರಾಟ ಹತ್ತು ಗಂಟೆಗೆ ಎಂದು ಪ್ರಕಟಣೆ. ನೀವು ಒಂಬತ್ತಕ್ಕೇ ಸ್ನಾನ ಮಾಡಿ, ಮೊಬೈಲ್, ಲ್ಯಾಪ್‌ಟಾಪ್, ಹೆಂಡತಿಯ ಮೊಬೈಲ್, ಮಗಳ ಟ್ಯಾಬ್ ಎಲ್ಲವನ್ನೂ ಊಟದ ಮೇಜಿನ ಮೇಲೆ ಹರವಿಕೊಂಡು ಕೂರುತ್ತೀರಿ. ದಾವಣಗೆರೆಯ ಷಡ್ಡಕನೂ ಅಲ್ಲಿಂದಲೇ ಲಾಗಿನ್ ಆಗಿರುತ್ತಾನೆ. ಪರದೆಯ ಮೇಲೆ ಒಬ್ಬ ಪುಟ್ಟ ಮನುಷ್ಯ ನಿಂತಲ್ಲೇ ನಡೆಯುತ್ತಿರುತ್ತಾನೆ. ಅವನ ಕೆಳಗೆ ಎಚ್ಚರಿಕೆ: ಪುಟವನ್ನು ರಿಫ್ರೆಶ್ ಮಾಡಬೇಡಿ, ಮಾಡಿದರೆ ನಿಮ್ಮ ಸ್ಥಾನ ಹೋಗುತ್ತದೆ. ಹತ್ತು ಹೊಡೆಯುತ್ತದೆ. ನಿಮ್ಮ ಮುಂದೆ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ ಎಂದು ಪರದೆ ವಿನಯದಿಂದ ತಿಳಿಸುತ್ತದೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇರುವುದು ಹೆಚ್ಚೆಂದರೆ ಮೂವತ್ತೈದು ಸಾವಿರ ಆಸನ. ಒಂಬತ್ತಕ್ಕೇ ಬಂದಿದ್ದೆನಲ್ಲ ಎಂದು ಕೇಳುವ ಹಾಗಿಲ್ಲ. ಬಾಗಿಲು ತೆರೆಯುವ ಮುನ್ನ ಬಂದವರಿಗೆಲ್ಲ ಆ ಕ್ಷಣದಲ್ಲಿ ಮನಸ್ಸಿಗೆ ಬಂದಂತೆ ಸಂಖ್ಯೆ ಹಂಚುವುದು ಇಂಥ ಸರದಿ ವ್ಯವಸ್ಥೆಗಳ ಸಾಮಾನ್ಯ ಕ್ರಮ. ಇದಕ್ಕೆ ಕನ್ನಡದಲ್ಲಿ ಲಾಟರಿ ಎನ್ನುತ್ತಾರೆ. ಅದನ್ನು ಕರ್ನಾಟಕ 2007ರಲ್ಲೇ ನಿಷೇಧಿಸಿದೆ.

ಆ ಪುಟ್ಟ ಮನುಷ್ಯ ಇಡೀ ಬೆಳಗ್ಗೆ ನಡೆದು ಕೊನೆಗೆ ಬಾಗಿಲ ಬಳಿ ತಲುಪಿದ ಎನ್ನಿ. ನೀವು ಯಂತ್ರವಲ್ಲ ಎಂದು ರುಜುವಾತು ಮಾಡಬೇಕು. ಟ್ರಾಫಿಕ್ ದೀಪಗಳಿರುವ ಚೌಕಗಳನ್ನು ಗುರುತಿಸಿ ಎನ್ನುತ್ತದೆ. ಬೆಂಗಳೂರಿನವನಿಗೆ ಅದೊಂದು ಕಷ್ಟವಲ್ಲ, ಜೀವಮಾನವೆಲ್ಲ ಅದನ್ನೇ ನೋಡಿದ್ದಾನೆ. ಒಳಗೆ ಹೋದರೆ ಎಲ್ಲ ಸ್ಟ್ಯಾಂಡುಗಳೂ ಬೂದು ಬಣ್ಣ. ಒಂದೇ ಒಂದು ಕಡೆ ಹಸಿರು, ಕಾರ್ಪೊರೇಟ್ ಬಾಕ್ಸಿನಲ್ಲಿ, ಬೆಲೆ ನಿಮ್ಮ ತಿಂಗಳ ಬಾಡಿಗೆಯ ಆಸುಪಾಸು. ಆಗಲಿ, ಒಮ್ಮೆ ತಾನೇ ಎಂದು ಒತ್ತುತ್ತೀರಿ. ಕೌಂಟರ್ ಇಟ್ಟು ಜನರನ್ನು ಬಿಸಿಲಲ್ಲಿ ನಿಲ್ಲಿಸದ ಉಪಕಾರಕ್ಕೆ ಒಂದು ಶುಲ್ಕ, ಆ ಉಪಕಾರದ ಮೇಲೆ ಶೇ 18 ಜಿಎಸ್‌ಟಿ. ಒಟಿಪಿ ಬರುವುದರೊಳಗೆ ಸಮಯ ಮುಗಿಯುತ್ತದೆ. ಹಣ ಕಡಿತವಾಗಿದೆ, ಟಿಕೆಟ್ ಇಲ್ಲ, ಐದರಿಂದ ಏಳು ಕೆಲಸದ ದಿನಗಳಲ್ಲಿ ಹಿಂತಿರುಗುತ್ತದೆ. ಇದರಲ್ಲಿ ಕೌಶಲ ಎಲ್ಲಿದೆ, ಯಾರಾದರೂ ತೋರಿಸಿ.

ಅರ್ಧ ಗಂಟೆಯ ಬಳಿಕ ಅದೇ ಆಸನಗಳು ಬೇರೊಂದು ತಾಣದಲ್ಲಿ, ಟೆಲಿಗ್ರಾಂ ಗುಂಪಿನಲ್ಲಿ, ಐದು ಪಟ್ಟು ಬೆಲೆಗೆ ತಲೆಯೆತ್ತುತ್ತವೆ. 2024ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡದ ಸಂಗೀತ ಕಛೇರಿಗೆ ಆದದ್ದೂ ಇದೇ. ನವಿ ಮುಂಬೈಯ ಟಿಕೆಟ್ಟಿಗೆ ಒಂದು ಕೋಟಿ ಮೂವತ್ತು ಲಕ್ಷ ಜನ ಮುಗಿಬಿದ್ದರೆಂದು ಮಾರಿದ ಕಂಪನಿಯೇ ಹೇಳಿತು. ಕಂಪನಿಯ ತಾಣದಲ್ಲಿ 2,500 ರೂಪಾಯಿಯಿಂದ ಶುರುವಾಗುತ್ತಿದ್ದ ಟಿಕೆಟ್ ಮರುಮಾರಾಟದ ತಾಣಗಳಲ್ಲಿ ಲಕ್ಷಗಳಲ್ಲಿ ಕಾಣಿಸಿಕೊಂಡಿತು, ಮುಂಬೈ ಪೊಲೀಸರು ಕಂಪನಿಯ ಮುಖ್ಯಸ್ಥರಿಗೆ ಸಮನ್ಸ್ ಕಳಿಸಿದರು. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಹಿಂದೆ ಬ್ಲಾಕ್ ಟಿಕೆಟ್ ಮಾರುತ್ತಿದ್ದವನನ್ನು ನಾವು ಸುಮ್ಮನೆ ಬೈದೆವು. ಅವನ ಬೆರಳ ಸಂದಿಯಲ್ಲಿ ಟಿಕೆಟ್ಟಾದರೂ ಇರುತ್ತಿತ್ತು. ಒಂದೇ ಕ್ಯೂಆರ್ ಕೋಡನ್ನು ಐವರಿಗೆ ಮಾರುವ ಚಾತುರ್ಯ ಅವನಿಗೆ ಎಲ್ಲಿಂದ ಬರಬೇಕು?

ಒಮ್ಮೆ ಆರ್‌ಸಿಬಿಯ ಐಪಿಎಲ್ ವಿಜಯೋತ್ಸವಕ್ಕೆ ಟಿಕೆಟ್ ಬೇಡ, ಜಾಲತಾಣದಲ್ಲಿ ಉಚಿತ ಪಾಸ್ ಎಂದರು. ಬೇಕೇ ಬೇಡವೇ ಎಂದು ಯಾರಿಗೂ ತಿಳಿಯದೆ ಲಕ್ಷಾಂತರ ಜನ ಬಂದರು. 2025ರ ಜೂನ್ 4ರಂದು ಚಿನ್ನಸ್ವಾಮಿಯ ಗೇಟುಗಳ ಬಳಿ 11 ಮಂದಿ ಸತ್ತರು. ಅದನ್ನು ವಿಡಂಬನೆಗೆ ಎಳೆಯುವ ಕೈ ನನಗಿಲ್ಲ.

ಇನ್ನು ನಿಷೇಧದ ವಿಷಯ. ವಿಳಾಸ, ಫಲಕ, ಲೆಕ್ಕಪತ್ರ, ಜಿಎಸ್‌ಟಿ ಸಂಖ್ಯೆ ಇದ್ದ ಕಂಪನಿಗಳು ಆಗಸ್ಟ್‌ನಲ್ಲಿ ಅಂಗಡಿ ಮುಚ್ಚಿದವು. ಇವು ಯಾವುದೂ ಇಲ್ಲದವು ನಿಷೇಧದ ಸುದ್ದಿಯನ್ನು ಆಸಕ್ತಿಯಿಂದ ಓದಿದವು. ಈಗ ವಾಟ್ಸ್ಆ್ಯಪಿನಲ್ಲಿ ಬರುವ ಸಂದೇಶಗಳನ್ನು ನೋಡಿ: "ಐಡಿ ಬೇಕೇ ಸರ್? ಐನೂರು ಹಾಕಿದರೆ ಐನೂರು ಬೋನಸ್." ಪ್ರೊಫೈಲ್ ಚಿತ್ರದಲ್ಲಿ ತಿರುಪತಿ ತಿಮ್ಮಪ್ಪ. ಬೆಟ್ಟಿಂಗ್ ಬಗ್ಗೆ ವಿಚಾರಿಸಿದರೆ, ಅಲ್ಲ ಸರ್, ಕ್ರೀಡಾ ಸುದ್ದಿಯ ತಾಣ ಎನ್ನುತ್ತಾರೆ. ಇಂಥ ಸುದ್ದಿ ತಾಣಗಳ ಜಾಹೀರಾತು ಬೆಟ್ಟಿಂಗಿನ ಮುಸುಕು ಎಂದು ಕೇಂದ್ರ ವಾರ್ತಾ ಇಲಾಖೆ 2022ರಲ್ಲೇ ಮಾಧ್ಯಮಗಳಿಗೆ ಎಚ್ಚರಿಸಿತ್ತು. ಜಗತ್ತಿನಲ್ಲಿ ಓದುಗನಿಗೆ ಬೋನಸ್ ಕೊಡುವ ಪತ್ರಿಕೋದ್ಯಮ ಇದೊಂದೇ.

ಮತ್ತು ಅವರ ಕಾರ್ಯದಕ್ಷತೆ! ಎರಡು ನಿಮಿಷದಲ್ಲಿ ಐಡಿ. ನಡುರಾತ್ರಿಯೂ ಕನ್ನಡದಲ್ಲಿ ಉತ್ತರಿಸುವ ಸಿಬ್ಬಂದಿ. ಹಣ ಕಟ್ಟಿದ ಮರುಕ್ಷಣ ಖಾತೆಯಲ್ಲಿ ಅಂಕೆ. ಕಡೆಯ ಓವರಿನಲ್ಲೂ ಸರ್ವರ್ ಬೀಳುವುದಿಲ್ಲ. ಉಪನೋಂದಣಿ ಕಚೇರಿಯ ಮುಂದೆ "ಸರ್ವರ್ ಡೌನ್" ಚೀಟಿ ನೋಡಿ ಊರಿಗೆ ಮರಳಿದ ರೈತನಿಗೆ, ಟಿಕೆಟ್ ತಾಣದ ಮುಂದೆ ಕಣ್ಣು ಕೆಂಪು ಮಾಡಿಕೊಂಡ ಅಭಿಮಾನಿಗೆ ಈ ಭಾಗ್ಯವಿಲ್ಲ. ಸಿಸಿಬಿ ಪೊಲೀಸರು ಪ್ರತಿ ಐಪಿಎಲ್ ಋತುವಿನಲ್ಲಿ ಹಿಡಿಯುವ ಬುಕ್ಕಿಗಳನ್ನು ಜೈಲಿಗೆ ಕಳಿಸುವ ಬದಲು ಟಿಕೆಟ್ ಮಾರಾಟದ ಉಸ್ತುವಾರಿಗೆ ಹಾಕಿದರೆ ಎರಡೂ ಸಮಸ್ಯೆ ಬಗೆಹರಿಯುತ್ತದೆ. ಹಣ ಹಿಂತಿರುಗಿಸುವ ವಿಚಾರದಲ್ಲಿ ಮಾತ್ರ ಅವರಿಗೂ ಇವರಿಗೂ ಒಂದೇ ಶಿಕ್ಷಣವಾಗಿದೆ.

ಆದ್ದರಿಂದ ಹೈಕೋರ್ಟಿಗೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಲು ನಿಶ್ಚಯಿಸಿದೆ. ಪ್ರಶ್ನೆ ಸರಳ: ಆನ್‌ಲೈನ್ ಸರದಿಯಲ್ಲಿ ನಿಲ್ಲುವುದು ಕೌಶಲವೋ, ಅದೃಷ್ಟವೋ? ಅದೃಷ್ಟವಾದರೆ ಅದು ಜೂಜು, ನಡೆಸುವವರ ಮೇಲೆ ಪೊಲೀಸ್ ಕಾಯ್ದೆಯಡಿ ಕ್ರಮವಾಗಲಿ. ಕೌಶಲವಾದರೆ ಅದನ್ನು ಕಲಿಸುವ ಹೊಣೆ ಸರಕಾರದ್ದು. ವಿಜಯನಗರದಲ್ಲೂ ಧಾರವಾಡದಲ್ಲೂ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೊಡುವ ಮಹಡಿಗಳಲ್ಲಿ ಇದಕ್ಕೂ ಒಂದು ತಂಡ ಶುರುವಾಗಲಿ, ಮೀಸಲಾತಿಯೂ ಇರಲಿ. ಕನ್ನಡ ಮಾಧ್ಯಮದವರಿಗೆ ಟ್ರಾಫಿಕ್ ದೀಪದ ಪ್ರಶ್ನೆಯಲ್ಲಿ ಕೃಪಾಂಕ.

ಕರಡನ್ನು ವಕೀಲರಾದ ನಮ್ಮ ಭಾವನ ಮುಂದೆ ಇಟ್ಟೆ. ಕನ್ನಡಕ ಏರಿಸಿ ಮೊದಲ ಪುಟದಿಂದ ಓದಿದರು. ಧರ್ಮರಾಯನ ಭಾಗಕ್ಕೆ ಬಂದಾಗ, "ಇದನ್ನು ತೆಗೆ, ನ್ಯಾಯಮೂರ್ತಿಗಳಿಗೆ ಕಥೆ ಗೊತ್ತಿರುತ್ತದೆ" ಎಂದರು. ಕಾನೂನಿನ ಅಂಶಗಳಲ್ಲಿ ಹುರುಳಿಲ್ಲ, ಮೊದಲ ದಿನವೇ ವಜಾ ಆಗುತ್ತದೆ ಎಂದೂ ಹೇಳಿದರು.

"ಹಾಗಾದರೆ ಹಾಕುವುದು ಬೇಡವೇ ಭಾವ?"

"ಇರಯ್ಯ, ಕೊನೆಯ ಪುಟ ನೋಡಿಲ್ಲ."

ಕೊನೆಯ ಪುಟದಲ್ಲಿ ಮಧ್ಯಂತರ ಪ್ರಾರ್ಥನೆಯಿತ್ತು. ಪ್ರಕರಣ ಇತ್ಯರ್ಥವಾಗುವವರೆಗೆ ಅರ್ಜಿದಾರನಿಗೆ ಪ್ರತಿ ಪಂದ್ಯಕ್ಕೆ ಎರಡು ಕಾಂಪ್ಲಿಮೆಂಟರಿ ಪಾಸ್ ಕೊಡುವಂತೆ ಪ್ರತಿವಾದಿಗಳಿಗೆ ನಿರ್ದೇಶಿಸಬೇಕು. ಭಾವ ಪೆನ್ನು ತೆಗೆದು "ಎರಡು" ಎಂಬುದನ್ನು ಹೊಡೆದು "ನಾಲ್ಕು" ಎಂದು ಬರೆದು, ವಕಾಲತ್ತಿಗೆ ಸಹಿ ಹಾಕಿದರು.